ಕರಡಿ ಬೇಟೆಗೂ ಒಂದು ಪಾಠ



ಅಮೆರಿಕದಲ್ಲಿ ಕರಿಕರಡಿ ಮುಸುಕಿನ ಜೋಳದ ಹೊಲಕ್ಕೂ ಜೇನುಪೆಟ್ಟಿಗೆಗೂ ನುಗ್ಗುತ್ತದೆ. ಹಿಂದೆ ಅಲ್ಲಿನ ಬೇಸಾಯಗಾರರು ಅದನ್ನು ಕಂಡಲ್ಲಿ ಹೊಡೆದರು. ಕೊಂದವರಿಗೆ ಕೆಲವೆಡೆ ಸರ್ಕಾರವೇ ಇನಾಮು ಕೊಟ್ಟಿತು. ಎಷ್ಟೋ ಕಾಡುಗಳಲ್ಲಿ ಕರಡಿಯೇ ಇಲ್ಲದಂತಾಯಿತು. ಆಮೇಲೆ ರಾಜ್ಯಗಳು ಬೇಟೆಗೆ ಕಾಲ, ಲೆಕ್ಕ, ಪರವಾನಗಿ ಗೊತ್ತುಮಾಡಿದವು.

ಕಾಗದ ಸಿಕ್ಕಿದ ಮಾತ್ರಕ್ಕೆ ಕೈ ಪಳಗುತ್ತದೆಯೇ? ಕೋವಿಯ ತಪ್ಪಿಗೆ ಮನುಷ್ಯರೇ ಬಲಿಯಾಗುತ್ತಿದ್ದರು. 1949ರಲ್ಲಿ ನ್ಯೂಯಾರ್ಕ್ ರಾಜ್ಯ ಎಳೆಯ ಬೇಟೆಗಾರರಿಗೆ ತರಬೇತಿ ಕಡ್ಡಾಯ ಮಾಡಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಅಲ್ಲಿ ಕಲಿಸುವ ಮುಖ್ಯ ಪಾಠ ಇಷ್ಟು: ಖಾಲಿ ಕೋವಿಯನ್ನೂ ತುಂಬಿದ ಕೋವಿ ಅಂತಲೇ ತಿಳಿಯಿರಿ, ಗುರುತು ಸಿಗದೆ ಗುಂಡು ಹಾರಿಸಬೇಡಿ, ಗುರಿಯ ಹಿಂದೆ ಯಾರಿದ್ದಾರೆ ನೋಡಿ.

ನಮ್ಮ ಕರಡಿಯ ಮಾತು ಬೇರೆ. 1972ರ ವನ್ಯಜೀವಿ ಕಾಯಿದೆಯಂತೆ ಇಂದು ಅದರ ಬೇಟೆಗೆ ಪರವಾನಗಿಯೇ ಇಲ್ಲ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮವೇ ಆಯಿತು. ಆದ್ದರಿಂದ ಕರಡಿ ಓಡಾಡುವ ಕಡೆ ಕತ್ತಲಾದ ಮೇಲೆ ಹೊಲಕ್ಕೆ ಒಬ್ಬರೇ ಹೋಗಬೇಡಿ. ದೀಪ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಅಂತ ತಿಳಿದು, ಮೆಲ್ಲಗೆ ಹಿಂದೆ ಸರಿಯಿರಿ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ. ಬೆಳೆ ಮತ್ತೆ ಬೆಳೆದೀತು. ಹೋದ ಜೀವ ಬಾರದು.