ಬಯಲಾಗಿನ ಲಗ್ನದ ಊಟ, ಅಜ್ಜಿ ಕಾಲದಿಂದ ಈ ಕಡೆ

ಈಗಿನ ಹುಡುಗೂರು ಗಾರ್ಡನ್ ಲಗ್ನ, ಔಟ್‌ಡೋರ್ ಲಗ್ನ ಅಂತ ಹೊಸಾದೇನೋ ಕಂಡ ಹಿಡದವರಂಗ ಮಾತಾಡ್ತಾರ. ನಮ್ಮ ಕಡೆ ಲಗ್ನ ಅಂದ್ರನ ಬಯಲಾಗಿಂದು. ಕಲ್ಯಾಣ ಮಂಟಪ ಅನ್ನೋದು ಆಮ್ಯಾಲೆ ಬಂದದ್ದು. ಮನಿ ಮುಂದ ಹಂದರ, ಅದು ಸಾಲಲಿಲ್ಲ ಅಂದ್ರ ಗುಡಿ ಮುಂದಿನ ಬಯಲು, ಅದೂ ಸಾಲಲಿಲ್ಲ ಅಂದ್ರ ಕಣ. ಸುಗ್ಗಿ ಮುಗದು ಜ್ವಾಳದ ರಾಶಿ ಮನಿಗೆ ಬಂದ ಮ್ಯಾಲೆ ಕಣ ಖಾಲಿ ಬಿದ್ದಿರ್ತಿತ್ತು. ನೆಲ ಬಡದು ಬಡದು ಗಟ್ಟಿ ಆಗಿರ್ತಿತ್ತು. ಒಂದು ಸರ್ತಿ ಸಗಣಿ ಸಾರಿಸಿ, ಮ್ಯಾಲೆ ಬೇವಿನ ತಪ್ಪಲು ಹಾಕಿ ನೆರಳು ಮಾಡಿದ್ರ ಊಟಕ್ಕ ಜಾಗ ತಯಾರ. ಬಾಡಿಗಿ ಇಲ್ಲ, ಅಡ್ವಾನ್ಸ್ ಇಲ್ಲ.

ನಮ್ಮ ಅಜ್ಜಿ (ಅವ್ವನ ಅವ್ವ) ಲಗ್ನ ಆಗಿದ್ದು 1944ರಾಗ, ನವಲಗುಂದ ಕಡೆ ಎರಿ ಸೀಮಿಯೊಳಗ. ಅದೆಂಥಾ ವರ್ಷ ಅಂತ ಸ್ವಲ್ಪ ನೆನಪು ಮಾಡ್ಕೋಬೇಕು. ಎರಡನೇ ಮಹಾಯುದ್ಧ ನಡದಿತ್ತು. 1942ರಾಗ ಜಪಾನದವರು ಬರ್ಮಾ ಹಿಡಕೊಂಡ ಮ್ಯಾಲೆ ಅಲ್ಲಿಂದ ಬರೂ ಅಕ್ಕಿ ಬಂದ್ ಆತು. 1943ರಾಗ ಬಂಗಾಲದೊಳಗ ಲಕ್ಷಗಟ್ಟಲೆ ಮಂದಿ ಹಸಿವಿನಿಂದ ಸತ್ರು. ಅದ ವರ್ಷ ಮುಂಬೈ ಶಹರದಾಗ ರೇಶನ್ ಸುರು ಆತು. ಆಗ ನಮ್ಮ ಧಾರವಾಡ ಜಿಲ್ಲಾ ಮೈಸೂರಿಗೆ ಸೇರಿದ್ದಿಲ್ಲ, ಮುಂಬೈ ಪ್ರಾಂತದೊಳಗ ಇತ್ತು. ಸಕ್ರಿ, ಚಿಮಣಿ ಎಣ್ಣಿ ಸಿಗೂದು ತ್ರಾಸು ಅಂತ ಅಜ್ಜಿ ಹೇಳ್ತಿದ್ಲು. ಅಂಥಾದ್ರಾಗ ನಾಲ್ಕು ದಿನದ ಲಗ್ನ, ಮುಖ್ಯ ದಿನದ ಊಟಕ್ಕ 400 ಮಂದಿ.

ಹೆಂಗ ಹಾಕಿದ್ರು ಅಂತೀರಿ? ಅಕ್ಕಿ ನೆಚ್ಚಲೇ ಇಲ್ಲ. ಎರಿ ಸೀಮಿಯೊಳಗ ಅಕ್ಕಿ ಯಾವತ್ತಿದ್ರೂ ಹೊರಗಿಂದ ತರೂ ಮಾಲು, ಅನ್ನ ಅಂದ್ರ ಹಬ್ಬದ ಮಾತು. ಮನ್ಯಾಗ ಹಗೇವಿನಾಗ ಜ್ವಾಳ ಇತ್ತು, ಹೊಲದಾಗ ಗೋಧಿ ಬೆಳದಿತ್ತು, ಬೆಲ್ಲಕ್ಕ ಸಕ್ರಿಯಷ್ಟು ಬಿಗಿ ಇರಲಿಲ್ಲ. ಹಿಂಗಾಗಿ ಖಡಕ್ ರೊಟ್ಟಿ, ಬದ್ನಿಕಾಯಿ ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗೋಧಿ ಹುಗ್ಗಿ, ಕಡೀಕ ಒಂದೊಂದು ಮುಟಗಿ ನುಚ್ಚು, ಮಜ್ಜಿಗಿ. ಹೋಳಿಗಿ ಮಾಡಲಿಲ್ಲ. ಹೋಳಿಗಿ 400 ಮಂದಿಗೆ ಅಂದ್ರ ಒಂದೊಂದ ತಟ್ಟಬೇಕು, ಒಂದೊಂದ ಬೇಯಿಸಬೇಕು. ಹುಗ್ಗಿ ಹಂಗಲ್ಲ, ಎರಡು ಹಂಡೆದಾಗ ಆಗಿ ಹೋಗ್ತದ. ಗೋಧಿ ಕುಟ್ಟಿ ತೌಡು ತಗದು ರಾತ್ರಿ ನೆನಿ ಹಾಕಿದ್ರ ಬೆಳಿಗ್ಗೆ ಕುದ್ದು ಮೂರು ಪಟ್ಟು ಉಬ್ಬತದ. ಗೋಧಿ ತೂಕದಷ್ಟ ಬೆಲ್ಲ, ಮ್ಯಾಲೆ ಒಣಕೊಬ್ರಿ, ಗಸಗಸಿ. ಅದಕ್ಕ ಬಿಸಿಲಾಗ ಕೆಡೂ ಭಯ ಇಲ್ಲ. ಆರಿ ಗಟ್ಟಿ ಆದ್ರ ಬಿಸಿನೀರು ಹಾಕಿ ತಿರುವಿದ್ರ ಮತ್ತ ಸರಿ.

ಇನ್ನ ರೊಟ್ಟಿ. ಒಬ್ಬೊಬ್ಬರಿಗೆ ಮೂರು ಅಂತ ಹಿಡದ್ರೂ 1200 ರೊಟ್ಟಿ. ಲಗ್ನದ ದಿನ ಯಾರೂ ಬಡೀಲಿಲ್ಲ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರ್ತದಲ್ಲ, ಅದರ ಲಾಭ ಇದು. ಎಂಟು ದಿನ ಮೊದಲ 40 ಮನಿಗೆ ಹಿಟ್ಟು ಹಂಚಿದ್ರು. ಮನಿಗೆ 30 ರೊಟ್ಟಿ, ಅವರವರ ಒಲಿ, ಅವರವರ ಕಟಗಿ. ಹಿಂದಿನ ದಿನ ಸಂಜೀಮುಂದ ಎಲ್ಲಾರೂ ಬುಟ್ಟಿಯೊಳಗ ಬಿಳೇ ಅರಬಿ ಮುಚ್ಚಿ ತಂದು ಇಟ್ರು. ಖರ್ಚು ಅನ್ನೋದು ಹಿಂಗ 40 ಮನಿಗೆ ಒಡದು ಹೋತು. ಮುಂದ ಆ 40 ಮನಿ ಲಗ್ನಕ್ಕ ನಮ್ಮ ಅಜ್ಜಿ ಮನ್ಯಾವರೂ ಹಂಗ ಬಡದು ಕೊಟ್ರು.

ಇದರ ಜೋಡಿ ಮುಯ್ಯಿ. ಈಗ ಮುಯ್ಯಿ ಅಂದ್ರ ಕವರಿನಾಗಿನ ರೊಕ್ಕ ಅಂತ ಆಗೇತಿ. ನಮ್ಮ ಮುತ್ತಜ್ಜನ ವಹಿ ನಾನು ಸಣ್ಣಾಕಿದ್ದಾಗ ನೋಡೀನಿ, ಹಳದಿ ಹಾಳಿ, ಮೋಡಿ ಅಕ್ಷರ. ನಮ್ಮ ಕಾಕಾ ಓದಿ ಹೇಳಿದ್ದ. ಇಂಥಾವರು ಗೋಧಿ 2 ಸೇರು, ಇಂಥಾವರು ಬೆಲ್ಲ, ಇಂಥಾವರು ಒಂದು ಕುಬಸದ ಖಣ, ಇಂಥಾವರು ಬಂಡಿ ಕೊಟ್ಟು ನೀರು ತಂದ್ರು ಅಂತೂ ಬರದಿತ್ತು. ನೀರು ತಂದದ್ದನ್ನೂ ಯಾಕ ಬರದ್ರು ಅಂದ್ರ ಆ ಕಡೆ ಬಾವಿ ನೀರು ಸವುಳು, ಕುಡಿಯೂ ನೀರು ಕೆರಿದು. 400 ಮಂದಿಗೆ ಕೈ ತೊಳಿಯಾಕ, ಕುಡಿಯಾಕ, ಭಾಂಡೆ ತಿಕ್ಕಾಕ ಎಷ್ಟು ಕೊಡ ಬೇಕು ನೀವ ಲೆಕ್ಕ ಹಾಕ್ರಿ. ನನಗ ಕೇಳಿದ್ರ ಬಯಲಾಗಿನ ಊಟದಾಗ ಇವತ್ತಿಗೂ ದೊಡ್ಡ ಖರ್ಚು ನೀರಿಂದ, ಅದನ್ನ ಯಾರೂ ಮೊದಲ ಕೇಳಂಗಿಲ್ಲ.

ಉಣ್ಣಾಕ ಪತ್ರಾವಳಿ. ನಮ್ಮಲ್ಲಿ ಬಾಳಿ ಎಲಿ ಎಲ್ಲಿಂದ ಬರಬೇಕು? ಮುತ್ತಲ ಎಲಿ ತಂದು ಒಣಗಿಸಿ, ಕಡ್ಡಿ ಚುಚ್ಚಿ ಬ್ಯಾಸಗಿ ಮಧ್ಯಾಹ್ನದಾಗ ಮುದುಕೇರು ಕುಂತ ಕಟ್ಟತಿದ್ರು. ಊಟ ಆದ ಮ್ಯಾಲೆ ತಿಪ್ಪಿಗೆ ಹ್ವಾದ್ವು, ಗೊಬ್ಬರ ಆದ್ವು.

ಆದ್ರ ಅಕ್ಕಾರ, ಹಳೇದೆಲ್ಲಾ ಬಂಗಾರ ಅಂತ ನಾ ಹೇಳೂದಿಲ್ಲ. ಪಂಕ್ತಿ ಅನ್ನೋದು ಒಂದ ಇರಲಿಲ್ಲ. ಜಾತಿ ನೋಡಿ ಜಾಗ. ಕಣ ಬಳದು ಸಾರಿಸಿದವರು, ಹಲಗಿ ಬಾರಿಸಿದವರು ಎಲ್ಲಾರದೂ ಆದ ಮ್ಯಾಲೆ ದೂರ ಕುಂತು ಉಣಬೇಕು, ಇಲ್ಲಾ ಬುಟ್ಟಿ ಹಿಡದು ನಿಂತು ಒಯ್ಯಬೇಕು. ಬಯಲು ಎಲ್ಲಾರದೂ, ಊಟದ ಸಾಲು ಮಾತ್ರ ಬ್ಯಾರೆ ಬ್ಯಾರೆ. ಇನ್ನ ಹೆಣ್ಮಕ್ಕಳ ಪಂಕ್ತಿ ಕಡೀಕ. ಬೀಗರು, ಗಂಡಸರು, ಹುಡುಗೂರು ಎದ್ದ ಮ್ಯಾಲೆ ರೊಟ್ಟಿ ಬಡದಾಕಿಗೆ ಸಿಗೂದು ತಳದಾಗಿನ ಹುಗ್ಗಿ, ಅದಕ್ಕೂ ನೀರು ಬಿದ್ದಿರ್ತಿತ್ತು. ತನ್ನ ಲಗ್ನದಾಗ ತನ್ನ ಅವ್ವ ಉಂಡದ್ದು ಮೂರೂವರಿ ತಾಸಿನ ಮ್ಯಾಲೆ, ಬರೇ ರೊಟ್ಟಿ ಚಟ್ನಿ ಅಂತ ನಮ್ಮ ಅಜ್ಜಿ 80 ವರ್ಷದಾಕಿ ಆದಾಗೂ ಹೇಳ್ತಿದ್ಲು. ಕಡಿಮಿ ಖರ್ಚು ಅಂದದ್ದು ಯಾರ ಪುಕ್ಕಟೆ ಕೈಯಿಂದ, ಯಾರ ಹೊಟ್ಟಿಯಿಂದ ಅನ್ನೂದನ್ನೂ ವಹಿಯಾಗ ಬರೀಬೇಕಿತ್ತು.

ಅವ್ವನ ಲಗ್ನ 1966ರಾಗ. ಮತ್ತ ಬರಗಾಲ. ಅದರ ಹಿಂದಿನ ವರ್ಷ ಶಾಸ್ತ್ರೀಜಿ ಸೋಮವಾರ ರಾತ್ರಿ ಊಟ ಬಿಡ್ರಿ ಅಂತ ದೇಶಕ್ಕ ಕೇಳಿಕೊಂಡಿದ್ರು, ನಮ್ಮ ಅಜ್ಜ ಸಾಯೂ ತನಕ ಸೋಮವಾರ ಒಪ್ಪತ್ತು ಮಾಡ್ತಿದ್ದ. ಅಮೇರಿಕಾದಿಂದ ಹಡಗದಾಗ ಗೋಧಿ, ಕೆಂಪು ಜ್ವಾಳ ಬರ್ತಿದ್ವು. ಆ ಕೆಂಪು ಜ್ವಾಳದ ರೊಟ್ಟಿ ನಮ್ಮ ಹೆಣ್ಮಕ್ಕಳಿಗೆ ಸೇರಲಿಲ್ಲ, ಜಿಗಿ ಬರೂದಿಲ್ಲ, ಬಡಿಯೂ ಹೊತ್ತಿಗೆ ಹರೀತದ ಅಂತಿದ್ರು. ಅವ್ವನ ಲಗ್ನದಾಗ ಅದಕ್ಕ ಮನಿ ಜ್ವಾಳದ ಹಿಟ್ಟು ಅರ್ಧಕ್ಕರ್ಧ ಕೂಡಿಸಿ ಬಡದ್ರು. ಒಂದ ಹೊತ್ತಿನ ಊಟ, 150 ಮಂದಿ, ಗುಡಿ ಮುಂದ. ನಾಲ್ಕು ದಿನದ ಲಗ್ನ ಒಂದ ದಿನಕ್ಕ ಇಳದಿದ್ದು ನಮ್ಮ ಮನ್ಯಾಗ ಆಗಿನಿಂದನ. ಮಂದಿ ಏನೇನೋ ಅಂದ್ರಂತ. ಅದ 1966ರಾಗ ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ಲಗ್ನ ಮಂತ್ರಮಾಂಗಲ್ಯದ ರೀತಿ ಸರಳಾಗಿ ಮಾಡಿದ್ರು. ಅಷ್ಟು ದೊಡ್ಡವರು ಮನಸ್ಸಿನಿಂದ ಮಾಡಿದ್ದನ್ನ ನಮ್ಮ ಅಜ್ಜ ಬರಗಾಲದಿಂದ ಮಾಡಿದ, ಅಷ್ಟ ಫರಕು. ಮುಂದ 1972ರಾಗ ಧರ್ಮಸ್ಥಳದಾಗ ಸಾಮೂಹಿಕ ವಿವಾಹ ಸುರು ಆದ್ವು. ನಮ್ಮ ಕಡೆ ಮಠಗಳೊಳಗೂ, ಜಾತ್ರಿಯೊಳಗೂ ಈಗ ಆಗ್ತಾವ. ಒಂದ ಹಂದರ, ಒಂದ ಅಡಿಗಿ, ಎಲ್ಲಾ ಬೀಗರಿಗೂ ಒಂದ ಸಾಲು. ಹಳೇ ಪಂಕ್ತಿಯ ಆ ಒಂದು ದೋಷ ಅಲ್ಲಿ ಕಡಿಮಿ ಆತು ನೋಡ್ರಿ.

ನನ್ನ ಲಗ್ನ 1991ರಾಗ, ಮಂಟಪದಾಗ. ಅದರ ಬಗ್ಗೆ ಹೇಳೂವಂಥಾದ್ದು ಬಾಳ ಏನಿಲ್ಲ. ಬುಂದಿ ಲಾಡು, ಪೂರಿ, ಅನ್ನ ಸಾರು. ಅಡಿಗಿ ಭಟ್ಟರಿಗೆ ಗುತ್ತಿಗಿ ಕೊಟ್ಟಿದ್ರು, ರೊಟ್ಟಿ ಹಳ್ಳಿ ಊಟ ಅಂತ ಮಾಡಿಸಲಿಲ್ಲ. ಆಮ್ಯಾಲೆ ಬಫೆ ಬಂತು, ಪ್ಲಾಸ್ಟಿಕ್ ತಾಟು ಬಂದ್ವು. ಪತ್ರಾವಳಿ ಕಟ್ಟೂ ಕೈ ಖಾಲಿ ಆದ್ವು. 2016ರಾಗ ನಮ್ಮ ರಾಜ್ಯದಾಗ ಪ್ಲಾಸ್ಟಿಕ್ ತಾಟು, ಲೋಟ ನಿಷೇಧ ಆದ ಮ್ಯಾಲೆ ಮತ್ತ ಎಲಿ, ಅಡಿಕಿ ಹಾಳಿ ತಾಟು ಹುಡುಕಾಕತ್ತಾರ.

ಇದನ್ನೆಲ್ಲಾ ಈಗ ಯಾಕ ತಗದ್ನಿ ಅಂದ್ರ, ನಮ್ಮ ತಂಗಿ ಮಗಳ ಲಗ್ನ ಬರೂ ಫೆಬ್ರುವರಿಗೆ ಐತಿ. ಹುಡುಗಿ ಬಯಲಾಗ, ಗಿಡದ ನೆಳ್ಳಾಗ ಆಗಬೇಕು ಅಂದಾಳ, ಒಂದು ತ್ವಾಟ ಸಿಕ್ಕೇತಿ. 300 ಮಂದಿ. ಕೇಟರಿಂಗದವರು ತಾಟಿಗೆ 450 ಅಂದ್ರು, ಅಂದ್ರ 1,35,000. ತಂಗಿ ಗಂಡ ತೀರಿಕೊಂಡು ಆರು ವರ್ಷ ಆತು. ಆಕಿ ಬಂಗಾರದ ಪಾಟ್ಲಿ ಒತ್ತಿ ಇಡ್ತೇನಿ ಅಂದ್ಲು. ಅವು ಆಕಿ ಹತ್ರ ಉಳದಿರೂ ಕಡೀ ಬಂಗಾರ. ನಾನೂ ಅವ್ವನೂ ಕುಂತು ಹಳೇ ಲೆಕ್ಕ ಹಾಕಿದ್ವಿ. ಒಬ್ಬರಿಗೆ ಎರಡರಂಗ 600 ರೊಟ್ಟಿ, ಕಿಲೋ ಹಿಟ್ಟಿಗೆ 15 ಬರ್ತಾವ, 40 ಕಿಲೋ ಹಿಟ್ಟು. ಗೋಧಿ 15 ಕಿಲೋ, ಬೆಲ್ಲ 15 ಕಿಲೋ. ಅನ್ನಕ್ಕ 20 ಕಿಲೋ ಅಕ್ಕಿ ಸಾಕು, ಯಾಕಂದ್ರ ರೊಟ್ಟಿ ಮುಂದ ಐತಿ. ಫೆಬ್ರುವರಿಯೊಳಗ ಹಸಿ ಕಡ್ಲಿ, ಬದ್ನಿಕಾಯಿ, ಮೆಂತೆ ಅಗ್ಗ. ಪನೀರ್ ಬ್ಯಾಡ, ಬಾಸುಂದಿ ಬ್ಯಾಡ, ಬಿಸಿಲಾಗ ಹಾಲಿಂದೇನೂ ಬ್ಯಾಡ, ಮಜ್ಜಿಗಿ ಒಂದು ಇರಲಿ. ಅಡಿಗಿಯವರ ಕೂಲಿ, ಭಾಂಡೆ ಬಾಡಿಗಿ, ಎಲಿ, ನೀರಿನ ಟ್ಯಾಂಕರ್ ಎಲ್ಲಾ ಕೂಡಿ 50 ಸಾವಿರದೊಳಗ ಮುಗೀತದ. ಪಾಟ್ಲಿ ಕೈಯಾಗ ಉಳೀತಾವ.

ಎರಡು ಮಾತ್ರ ಹಳೇದರಂಗ ಮಾಡೂದಿಲ್ಲ ಅಂತ ಠರಾಯಿಸೇವಿ. ಪಂಕ್ತಿ ಒಂದ, ಹಂದರ ಹಾಕಿದವರೂ ಬೀಗರ ಜೋಡಿನ ಕುಂತು ಉಣ್ತಾರ. ಅಡಿಗಿ ಮಾಡಿದ, ಬಡಿಸಿದ ಹೆಣ್ಮಕ್ಕಳಿಗೆ 20 ಮಂದಿ ಹುಗ್ಗಿ ಮೊದಲ ತಗದು ಬ್ಯಾರೆ ಡಬರಿಯೊಳಗ ಮುಚ್ಚಿ ಇಡೂದು. 600 ರೊಟ್ಟಿಯೊಳಗ 300 ಸ್ವಸಹಾಯ ಸಂಘದ ಹೆಣ್ಮಕ್ಕಳ ಕಡೆ ರೊಕ್ಕ ಕೊಟ್ಟು ತರತೇವಿ. ಉಳದ 300 ನಮ್ಮವು. ಹತ್ತು ಮನಿ ಸಿಕ್ರ ಮನಿಗೆ 30, ನಮ್ಮ ಅಜ್ಜಿ ಕಾಲದ ಲೆಕ್ಕನ. ಹಿಟ್ಟು ನಾ ಬೀಸಿಸಿ ಮನಿಗೆ ಕಳಸ್ತೇನಿ, ಗ್ಯಾಸಿನ ರೊಕ್ಕಾನೂ ಕೊಡ್ತೇನಿ, ಬ್ಯಾಡ ಅನಬ್ಯಾಡ್ರಿ. ಯಾರ್ಯಾರು ಬಡೀತೀರಿ ಅಂತ ಸಂಕ್ರಾಂತಿ ಒಳಗ ತಿಳಿಸ್ರಿ. ಎಳ್ಳು ಹಚ್ಚಿದ್ರ ಛಲೋ, ಹಚ್ಚದಿದ್ರೂ ನಡೀತದ, ತೆಳ್ಳಗ ಇರಲಿ.