ಕೂಲಿಯ ಅಂತರ: ಅಧ್ಯಯನ ನಡೆದ ದಾರಿ

ಕೌಶಲ ಹೆಚ್ಚಿದಷ್ಟೂ ಕೂಲಿ ಹೆಚ್ಚುತ್ತದೆ ಎಂಬ ಮಾತು ಈಗ ಸಿದ್ಧಸತ್ಯದಂತೆ ಓಡಾಡುತ್ತಿದೆ. ಹಾಸನ ಜಿಲ್ಲೆಯ ಹೊಲ ಕಂಡವರು ಇದನ್ನು ಅಷ್ಟು ಸಲೀಸಾಗಿ ಒಪ್ಪಲಾರರು. ಅರಕಲಗೂಡು ಕಡೆ ಬ್ಯಾರನ್‌ನಿಂದ ಇಳಿಸಿದ ಹೊಗೆಸೊಪ್ಪನ್ನು ಬಣ್ಣ, ಕಲೆ ನೋಡಿ ಗ್ರೇಡ್ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ರಾಮನಾಥಪುರದ ಹರಾಜು ಕೇಂದ್ರದಲ್ಲಿ ಬೇಲ್‌ಗೆ ಸಿಗುವ ದರ ಅವರ ಕಣ್ಣಿನ ಮೇಲೆ ನಿಂತಿದೆ. ಕೂಲಿ ಕೊಡುವಾಗ ಮಾತ್ರ ಅದು ಬರೀ ‘ಹೆಣ್ಣಾಳಿನ ಕೆಲಸ’.

ಕಷ್ಟದ, ಕೊಳಕಿನ ಕೆಲಸಕ್ಕೆ ಹೆಚ್ಚು ಕೂಲಿ ಸಲ್ಲುತ್ತದೆಂದು 1776ರಲ್ಲಿ ಆಡಂ ಸ್ಮಿತ್ ತರ್ಕಿಸಿದರು. ಬೇರೆ ಗತಿಯಿಲ್ಲದವರ ಪಾಲಿಗೆ ಬರುವ ಅಂಥ ಕೆಲಸಕ್ಕೇ ಅತಿ ಕಡಿಮೆ ಕೂಲಿ ಎಂದು 1848ರಲ್ಲಿ ಮಿಲ್ ತಿದ್ದಿದರು. 1964ರಲ್ಲಿ ಗ್ಯಾರಿ ಬೆಕರ್ ಓದು, ತರಬೇತಿಗಳನ್ನು ಬಂಡವಾಳವೆಂದು ಎಣಿಸಿದರು. ನಮ್ಮ ತರಗತಿಗಳಲ್ಲಿ ಮಿಲ್ ಮರೆತುಹೋದರು, ಬೆಕರ್ ಉಳಿದರು. ಇದು ನಷ್ಟ.

ನಮ್ಮ ನೆಲಕ್ಕೆ ಹತ್ತಿರದ ಕೆಲಸ ಆರಂಭವಾದದ್ದು ಪಕ್ಕದ ಮಂಡ್ಯದಲ್ಲಿ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅಲ್ಲಿನ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಅವರ ಪುಸ್ತಕ 1962ರಲ್ಲಿ ಬಂತು. ನಾಲೆ ನೀರು ಬಂದ ಊರಿನಲ್ಲಿ ಒಕ್ಕಲಿಗೂ ಆಳಿಗೂ ತಲೆಮಾರುಗಳಿಂದ ಬಂದ ನಂಟು, ವರ್ಷಕ್ಕಿಷ್ಟೆಂದು ಕಣದಲ್ಲಿ ಅಳೆದು ಕೊಡುವ ಧಾನ್ಯ, ಎರಡೂ ಉಳಿದಿದ್ದವು. ನೀರು ಬಾರದೆ ಜನ ಹೊರಗಿನ ದುಡಿಮೆ ಹಿಡಿದ ಊರಿನಲ್ಲಿ ಆ ನಂಟು ಸಡಿಲವಾಗಿತ್ತು. ಬೆಳೆ ಚೆನ್ನಾಗಿ ಬಂದ ವರ್ಷವೂ, ಕೆಟ್ಟ ವರ್ಷವೂ ಆಳಿಗೆ ಅದೇ ಅಳತೆ ಏಕೆ ಎಂದು ಅವರು ಮುಂದೆ ಕೇಳಿದರು. ಕೂಲಿಯ ಹಿಂದೆ ಹೊಟ್ಟೆಪಾಡಿನ ಭರವಸೆಯೂ ಇದೆ, ಜಾತಿಯ ಕಟ್ಟೂ ಇದೆ ಎಂದು ತೋರಿದ ಈ ಬರಹಗಳಿಗೆ ಸಾಟಿಯಾದದ್ದು ಕಡಿಮೆ.

ನಮ್ಮ ಕಾಲದಲ್ಲಿ ಈ ದಾರಿಯನ್ನು ಮುಂದುವರಿಸಿದವರು ವಿ.ಕೆ. ರಾಮಚಂದ್ರನ್, ಮಧುರಾ ಸ್ವಾಮಿನಾಥನ್ ಮತ್ತು ಸಂಗಡಿಗರು. 2009ರಲ್ಲಿ ಮಂಡ್ಯದ ಆಲಬುಜನಹಳ್ಳಿ, ಕೋಲಾರದ ಸಿರೇಸಂದ್ರ, ಕಲಬುರಗಿಯ ಝಾಪುರಗಳಲ್ಲಿ ಮನೆಮನೆಯ ಸಮೀಕ್ಷೆ ನಡೆಯಿತು. ಯಾರಿಗೆ ಎಷ್ಟು ದಿನ ಕೆಲಸ, ದಿನಗೂಲಿಯೋ ಗುತ್ತಿಗೆಯೋ ಎಂಬುದೆಲ್ಲ ಲೆಕ್ಕಕ್ಕೆ ಬಂದಾಗಲೇ ಕೂಲಿಯ ಅಂತರ ಅರ್ಥವಾಗುವುದು. ಆ ಮೂರು ಊರುಗಳಲ್ಲಿ ಹಾಸನದ್ದೊಂದೂ ಇಲ್ಲ.

ಕಾನೂನಿನ ಕಡೆಯಿಂದ 1948ರ ಕನಿಷ್ಠ ವೇತನ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ ಬಂದವು. ಹೆಣ್ಣಿಗೂ ಗಂಡಿಗೂ ಒಂದೇ ದರವೆಂಬುದನ್ನು ಹಳ್ಳಿಯ ಕಣ್ಣಿಗೆ ಕಾಣಿಸಿದ್ದು ಉದ್ಯೋಗ ಖಾತ್ರಿ. 2025–26ರಲ್ಲಿ ಕರ್ನಾಟಕದ ದರ ಇಬ್ಬರಿಗೂ ದಿನಕ್ಕೆ 370 ರೂಪಾಯಿ ಇತ್ತು.

ಕೇಂದ್ರದ ಲೇಬರ್ ಬ್ಯೂರೋ ಗ್ರಾಮೀಣ ಕೂಲಿದರಗಳನ್ನು ಗಂಡಸು, ಹೆಂಗಸು ಎಂದು ಬೇರೆಬೇರೆಯಾಗಿ ಪ್ರಕಟಿಸುತ್ತದೆ. ಆ ದರ ಹೇಗೆ ಇತ್ಯರ್ಥವಾಯಿತೆಂಬುದು ಅದರಲ್ಲಿಲ್ಲ. ಚನ್ನರಾಯಪಟ್ಟಣದಲ್ಲಿ ಕಾಯಿ ಕೀಳುವವರು, ಹೊಳೆನರಸೀಪುರದ ಗದ್ದೆಯಲ್ಲಿ ನಾಟಿ ಹಾಕುವವರು, ಹಾಸನದ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು: ಈ ಮೂವರೂ ಒಂದೇ ಮನೆಯವರಾಗಿರಬಹುದು. ಅಂಥ ಮನೆಯೊಳಗೆ ಕೂತು, ಮೇಸ್ತ್ರಿ ಕೊಟ್ಟ ಮುಂಗಡವನ್ನೂ ಸೇರಿಸಿ ವರ್ಷಪೂರ್ತಿ ಲೆಕ್ಕ ಬರೆಯುವ ಸಮೀಕ್ಷೆಗೆ ಹಾಸನದ ಕಾಲೇಜುಗಳ ಅರ್ಥಶಾಸ್ತ್ರ ವಿಭಾಗಗಳೇ ಕೈಹಾಕಬೇಕು.