ಗಾಜಿನ ಮನೆಯ ಬೇಸಿಗೆ

ಬಂಗಾಳಿಯಲ್ಲಿ ಟೊಮೆಟೊಗೆ 'ಬಿಲಾತಿ ಬೇಗುನ್' ಎಂಬ ಹೆಸರಿದೆ. ಅಂದರೆ ವಿಲಾಯಿತಿ ಬದನೆ. ವಿಲಾಯತ್ ಎಂಬುದು ಅರಬಿಯಿಂದ ಉರ್ದುವಿಗೆ ಬಂದ ಪದ. ಆಡಳಿತ, ಪ್ರಾಂತ ಎಂಬುದು ಅದರ ಹಳೆಯ ಅರ್ಥ. ಬ್ರಿಟಿಷರ ಕಾಲದಲ್ಲಿ ಅದು ಇಂಗ್ಲೆಂಡಿಗೇ ಅಂಟಿಕೊಂಡುಬಿಟ್ಟಿತು. ನಾವು ಕನ್ನಡದಲ್ಲಿ ಸೀಮೆಎಣ್ಣೆ, ಸೀಮೆಸುಣ್ಣ ಎಂದಂತೆಯೇ ಇದೂ. ಹಡಗಿನಲ್ಲಿ ಬಂದದ್ದೆಲ್ಲ ಬಿಳಿಯರ ಊರಿನದೇ ಎಂದು ನಮ್ಮ ಹಿರಿಯರು ತಿಳಿದರು. ಆದರೆ ಆ ವಿಲಾಯತಿನಲ್ಲಿ ಟೊಮೆಟೊ ತಾನೇ ಪರದೇಶಿಯಾಗಿತ್ತು. ಅಲ್ಲಿನ ಚಳಿಯಲ್ಲಿ ಅದನ್ನು ಹಣ್ಣಾಗಿಸಲು ಗಾಜು ಬೇಕಾಯಿತು, ಕಲ್ಲಿದ್ದಲು ಬೇಕಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಬಡವರ ಕೈಗಳು ಬೇಕಾದವು.

ಟೊಮೆಟೊ ಎಂಬ ಹೆಸರಿನ ಬೇರು ಮೆಕ್ಸಿಕೋದ ಆಜ್ಟೆಕರ ನಾವಾಟ್ಲ್ ಭಾಷೆಯಲ್ಲಿದೆ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಆ ಸಾಮ್ರಾಜ್ಯವನ್ನು ಹಾಳುಗೆಡವಿದ ಮೇಲೆ ಚಿನ್ನದ ಜೊತೆಗೆ ಈ ಬೀಜವೂ ಯುರೋಪಿಗೆ ಬಂತು. 1544ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ಇದನ್ನು ತನ್ನ ಗ್ರಂಥದಲ್ಲಿ ದಾಖಲಿಸಿದ. ಮುಂದೆ ಇಟಲಿಯವರು ಇದಕ್ಕೆ ಚಿನ್ನದ ಸೇಬು ಎಂಬರ್ಥದಲ್ಲಿ ಪೊಮೊದೋರೊ ಎಂದರು. ಸಿರಿಯಾ, ಪ್ಯಾಲೆಸ್ತೀನಿನ ಅರಬರು ಇಂದಿಗೂ ಟೊಮೆಟೊವನ್ನು 'ಬನದೂರ' ಎನ್ನುವುದು ಈ ಇಟಾಲಿಯನ್ ಪದದಿಂದಲೇ. ಇಂಗ್ಲೆಂಡಿನಲ್ಲಿ ಜಾನ್ ಜೆರಾರ್ಡ್ ಎಂಬ ಸಸ್ಯಪ್ರಿಯ ಲಂಡನ್ನಿನ ತನ್ನ ತೋಟದಲ್ಲಿ ಟೊಮೆಟೊ ಬೆಳೆಸಿ, 1597ರ ತನ್ನ ಗ್ರಂಥದಲ್ಲಿ ಅದರ ಬಗ್ಗೆ ಬರೆದ. ಗಿಡದ ವಾಸನೆ ಅವನಿಗೆ ಹಿಡಿಸಲಿಲ್ಲ. ಬಿಸಿ ದೇಶದವರು ಇದನ್ನು ಎಣ್ಣೆ, ಉಪ್ಪು, ಮೆಣಸು ಹಾಕಿ ತಿನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಆದರೂ ದೇಹಕ್ಕೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದ. ಬಹುಕಾಲ ಇಂಗ್ಲಿಷರು ಇದನ್ನು ಅಂದಕ್ಕಾಗಿ ಬೆಳೆಸಿದರೇ ಹೊರತು ಅಡುಗೆಮನೆಗೆ ಸೇರಿಸಲು ಹಿಂಜರಿದರು.

ಹಿಂಜರಿಕೆಗೆ ಹವೆಯೂ ಕಾರಣವಿದ್ದೀತು. ಟೊಮೆಟೊ ಗಿಡ ಒಂದು ರಾತ್ರಿಯ ಹಿಮಕ್ಕೂ ಸಾಯುತ್ತದೆ. ರಾತ್ರಿಯ ಉಷ್ಣತೆ ಹದಿಮೂರು ಡಿಗ್ರಿಗಿಂತ ಕೆಳಗಿಳಿದರೆ ಹೂ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಕಾಯಿಗೆ ಕೆಂಪು ಬಣ್ಣ ಬರುವುದೇ ನಿಂತುಹೋಗುತ್ತದೆ. ಹಾಗಾಗಿ ಇಂಗ್ಲೆಂಡಿನಲ್ಲಿ ಬಯಲಲ್ಲಿ ಟೊಮೆಟೊ ಬೆಳೆಯುವವರು ಮಾರ್ಚ್-ಏಪ್ರಿಲ್‌ನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಬೀಜ ಹಾಕಿ, ಹಿಮದ ಭಯ ಹೋದ ಮೇಲೆ ಜೂನ್ ಹೊತ್ತಿಗೆ ಸಸಿಯನ್ನು ಹೊರಗೆ ನೆಡುತ್ತಾರೆ. ಅದೂ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ. ಹಗಲಿಡೀ ಬಿಸಿಲು ಕುಡಿದ ಗೋಡೆ ರಾತ್ರಿ ಆ ಕಾವನ್ನು ಗಿಡಕ್ಕೆ ಕೊಡುತ್ತದೆ. ನಾಲ್ಕು ಗೊಂಚಲು ಬಿಡುತ್ತಲೇ ತುದಿ ಚಿವುಟಿಬಿಡುತ್ತಾರೆ. ಐದನೆಯದು ಹಣ್ಣಾಗುವಷ್ಟು ಬೇಸಿಗೆ ಅಲ್ಲಿ ಉಳಿದಿರುವುದಿಲ್ಲ. ಇಷ್ಟೆಲ್ಲ ಮಾಡಿಯೂ ಆಗಸ್ಟಿನಲ್ಲಿ ಮಳೆ ಹಿಡಿದರೆ ಅಂಗಮಾರಿ ರೋಗ ಬಂದು ನಾಲ್ಕೇ ದಿನದಲ್ಲಿ ತೋಟ ಕಪ್ಪಾಗುತ್ತದೆ. ಉಳಿದ ಹಸಿರು ಕಾಯಿಯನ್ನು ಅಲ್ಲಿನ ಗೃಹಿಣಿಯರು ವಿನೆಗರ್, ಸಕ್ಕರೆ, ಈರುಳ್ಳಿ ಹಾಕಿ ಬೇಯಿಸಿ ಜಾಡಿಯಲ್ಲಿ ತುಂಬಿಡುತ್ತಾರೆ. ಆ ಪದಾರ್ಥಕ್ಕೆ ಅವರು ಕರೆಯುವ ಹೆಸರು ಚಟ್ನಿ! ನಾವು ಅವರ ಹೆಸರನ್ನು ಹಣ್ಣಿಗೆ ಕೊಟ್ಟೆವು, ಅವರು ನಮ್ಮ ಹೆಸರನ್ನು ಕಾಯಿಗೆ ಕೊಟ್ಟರು.

ಗಾಜಿನ ಮನೆ ಈ ಕಷ್ಟಕ್ಕೆ ಪರಿಹಾರವಾಯಿತು. ಗಾಜು ಬಿಸಿಲನ್ನು ಒಳಬಿಟ್ಟು, ಬಿಸಿಯಾದ ಗಾಳಿಯನ್ನು ಹೊರಹೋಗದಂತೆ ತಡೆಯುತ್ತದೆ. ಎಲೆಯ ಮೇಲೆ ಮಳೆ ಬೀಳದ್ದರಿಂದ ಅಂಗಮಾರಿಯ ಕಾಟವೂ ಕಡಿಮೆ. ಆದರೆ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ಭಾರೀ ತೆರಿಗೆಯಿದ್ದು, ಸಿರಿವಂತರಿಗೆ ಮಾತ್ರ ಅದು ಎಟಕುತ್ತಿತ್ತು. 1845ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಆ ತೆರಿಗೆಯನ್ನು ತೆಗೆದುಹಾಕಿದರು. ಅದೇ 1845ರಲ್ಲಿ ಟೊಮೆಟೊವನ್ನು ಕೊಲ್ಲುವ ಅದೇ ಅಂಗಮಾರಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಬಿತ್ತು. ಮುಂದಿನ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಒಂದು ಕಡೆ ಗಾಜು ಅಗ್ಗವಾಯಿತು, ಇನ್ನೊಂದು ಕಡೆ ಬಯಲಿನ ಬೆಳೆಯನ್ನೇ ನಂಬಿದ ಬಡವರು ಮಣ್ಣಾದರು. 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ಅದರ ಪಡಿಯಚ್ಚಿನಲ್ಲೇ ಹೈದರಾಲಿಯ ಲಾಲ್‌ಬಾಗಿನಲ್ಲಿ ನಮ್ಮ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಬೆಂಗಳೂರಿನ ಹವೆಯಲ್ಲಿ ಗಿಡಕ್ಕೆ ಕಾವು ಕೊಡಲು ಗಾಜಿನ ಅಗತ್ಯವಿರಲಿಲ್ಲವೆನ್ನಿ. ನಮಗದು ಫಲಪುಷ್ಪ ಪ್ರದರ್ಶನದ ವೈಭವ. ಅಲ್ಲಿನವರಿಗೆ ಅದು ಹೊಟ್ಟೆಪಾಡು.

ಹೊಟ್ಟೆಪಾಡಿನ ಆ ಕಥೆ ಗರ್ನ್‌ಸಿ ದ್ವೀಪದಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗಲಾರದು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿ, ಫ್ರಾನ್ಸಿಗೇ ಹತ್ತಿರವಾಗಿ, ಸುಮಾರು 65 ಚದರ ಕಿಲೋಮೀಟರಿನ ಪುಟ್ಟ ನೆಲ ಅದು. ಬ್ರಿಟಿಷ್ ರಾಜಮನೆತನಕ್ಕೆ ಅಧೀನವಾದರೂ ತನ್ನದೇ ಆಡಳಿತವುಳ್ಳದ್ದು. ಅಲ್ಲಿನ ಸೇಂಟ್ ಪೀಟರ್ ಪೋರ್ಟ್ ಪಟ್ಟಣದಲ್ಲಿ ಪೀಟರ್ ಮೂರಾಂಟ್ ಎಂಬ ಸಿರಿವಂತ 1792ರಲ್ಲಿ ಕಟ್ಟಿಸಿದ ಗಾಜಿನ ಮನೆ ಇಂದಿಗೂ ಉಳಿದಿದೆ. ಮೊದಮೊದಲು ಅಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದ್ರಾಕ್ಷಿ ಬಳ್ಳಿಯ ನಡುವೆ ಟೊಮೆಟೊ ನೆಟ್ಟು ನೋಡಿದರು. ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಜನ ಅಷ್ಟರಲ್ಲಿ ಟೊಮೆಟೊ ತಿನ್ನಲು ಕಲಿತಿದ್ದರು. ದ್ರಾಕ್ಷಿ ಹೋಯಿತು, ಟೊಮೆಟೊ ನಿಂತಿತು. ಆದರೆ ದ್ವೀಪದವರು ಗಾಜಿನ ಮನೆಗಳನ್ನು 'ವೈನರಿ', ಎಂದರೆ ದ್ರಾಕ್ಷಿಮನೆ ಎಂದೇ ಕರೆಯುತ್ತ ಬಂದರು. ಬೆಳೆ ಹೋದರೂ ಹೆಸರು ಉಳಿಯುವುದು ನಮ್ಮ ಊರುಕೇರಿಗಳಲ್ಲೂ ಉಂಟಷ್ಟೆ.

ಒಳಗಿನ ದುಡಿಮೆ ಸಾಮಾನ್ಯದ್ದಾಗಿರಲಿಲ್ಲ. ಹೊರಗೆ ಡಿಸೆಂಬರ್-ಜನವರಿಯ ಕೊರೆಯುವ ಚಳಿ ಇದ್ದಾಗಲೇ ಒಳಗೆ ಬೀಜ ಬೀಳಬೇಕು. ಇಂಗ್ಲೆಂಡಿನ ಬಯಲ ಬೆಳೆಗಿಂತ ಮೊದಲು ಮಾರುಕಟ್ಟೆಗೆ ಹೋದರೆ ಮಾತ್ರ ಬೆಲೆ. ಒಲೆಗೆ ಕಲ್ಲಿದ್ದಲು ಹಾಕಿ ಬಿಸಿನೀರಿನ ಕೊಳವೆಗಳನ್ನು ಕಾಯಿಸಬೇಕು. ರಾತ್ರಿ ಬೆಂಕಿ ಆರಿದರೆ ವರ್ಷದ ಬೆಳೆ ಹೋಯಿತೆಂದೇ ಲೆಕ್ಕ. ಒಂದೇ ಕಡೆ ವರ್ಷವರ್ಷವೂ ಟೊಮೆಟೊ ಬೆಳೆದರೆ ಮಣ್ಣಿಗೆ ರೋಗ ಹತ್ತುತ್ತದೆ. ಆದ್ದರಿಂದ ಮಣ್ಣಿಗೇ ಆವಿ ಹಾಯಿಸಿ ಬೇಯಿಸಬೇಕು. ಪ್ರತಿ ಗಿಡವನ್ನೂ ದಾರಕ್ಕೆ ಸುತ್ತಿ ಮೇಲಕ್ಕೆ ಹತ್ತಿಸಬೇಕು; ಎಲೆಯ ಸಂದಿನಲ್ಲಿ ಒಡೆಯುವ ಚಿಗುರನ್ನು ದಿನವೂ ಚಿವುಟಬೇಕು. ಆ ಕೆಲಸ ಮಾಡಿದವರ ಬೆರಳು ಹಸಿರುಗಪ್ಪಾಗಿ, ಎಷ್ಟು ತೊಳೆದರೂ ಹೋಗುವುದಿಲ್ಲ. ಗಾಜಿನೊಳಗೆ ಗಾಳಿಯಾಡದ್ದರಿಂದ ಪರಾಗಸ್ಪರ್ಶವನ್ನೂ ಮನುಷ್ಯನೇ ಮಾಡಬೇಕು. ಟೊಮೆಟೊ ಹೂವಿನ ಪರಾಗ ಒಂದು ಕೊಳವೆಯೊಳಗೆ ಅಡಗಿದ್ದು, ಅದುರಿದಾಗ ಮಾತ್ರ ಉದುರುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತು ಕೋಲು ಹಿಡಿದು ಗಿಡಗಳನ್ನು ತಟ್ಟುತ್ತ ಸಾಲುಸಾಲು ನಡೆಯಬೇಕು. 1980ರ ದಶಕದ ಕೊನೆಯಲ್ಲಷ್ಟೇ ಬಂಬಲ್ ಬೀ ಎಂಬ ದಪ್ಪ ದುಂಬಿಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಮಾರುವುದು ಶುರುವಾಗಿ, ಈ ಕೆಲಸ ಅವುಗಳ ಪಾಲಾಯಿತು.

ಇನ್ನು 1940ರ ಜೂನ್ 28. ಫ್ರಾನ್ಸ್ ಹಿಟ್ಲರನ ವಶವಾಗಿತ್ತು. ಈ ದ್ವೀಪಗಳನ್ನು ಕಾಪಾಡುವುದು ಆಗದ ಮಾತೆಂದು ಬ್ರಿಟನ್ ತನ್ನ ಸೈನ್ಯವನ್ನು ವಾಪಸು ಕರೆಸಿಕೊಂಡಿತ್ತು. ಆದರೆ ಇಲ್ಲಿ ಸೈನ್ಯವಿಲ್ಲ ಎಂಬ ಸಂಗತಿ ಆ ಹೊತ್ತಿಗೆ ಜರ್ಮನಿಗೆ ತಲುಪಿರಲಿಲ್ಲ. ಸಾವಿರಾರು ಮಕ್ಕಳನ್ನು ಅದಾಗಲೇ ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿಯಾಗಿತ್ತು. ಟೊಮೆಟೊಗೆ ಮಾತ್ರ ಯುದ್ಧ ತಿಳಿಯದು. ಜೂನ್ ಎಂದರೆ ಭರ್ತಿ ಹಣ್ಣಿನ ಕಾಲ. ಆ ಸಂಜೆ ಸೇಂಟ್ ಪೀಟರ್ ಪೋರ್ಟ್ ಬಂದರಿನಲ್ಲಿ ಟೊಮೆಟೊ ಬುಟ್ಟಿ ತುಂಬಿದ ಲಾರಿಗಳು ಹಡಗಿಗಾಗಿ ಸಾಲುಗಟ್ಟಿ ನಿಂತಿದ್ದವು. ಮೇಲಿನಿಂದ ನೋಡಿದ ಜರ್ಮನ್ ವಿಮಾನಗಳಿಗೆ ಅದು ಸೈನಿಕ ವಾಹನಗಳ ಸಾಲಿನಂತೆ ಕಂಡಿತು. ಬಾಂಬು ಬಿದ್ದವು. ಚಾಲಕರು ಬೇರೆ ದಾರಿ ಕಾಣದೆ ತಮ್ಮ ಲಾರಿಗಳ ಅಡಿಯಲ್ಲೇ ತೂರಿಕೊಂಡರು. ಲಾರಿಗಳಿಗೆ ಬೆಂಕಿ ಹತ್ತಿ, ಚಕ್ರಗಳು ಸುಟ್ಟು, ಎಷ್ಟೋ ಜನ ಅವುಗಳ ಭಾರದ ಕೆಳಗೇ ಸತ್ತರು. ಗರ್ನ್‌ಸಿಯೊಂದರಲ್ಲೇ ಮೂವತ್ತಕ್ಕೂ ಹೆಚ್ಚು ಸಾವು. ಕಡಲು ಇಳಿದಿದ್ದರಿಂದ ಕಟ್ಟೆಯ ಕೆಳಗೆ ಅವಿತವರು ಬದುಕಿದರು. ಬಂದೂಕು ಹಿಡಿದವರಲ್ಲ, ಬುಟ್ಟಿ ಹೊತ್ತವರು ಸತ್ತರು. ಗಾಜಾದಲ್ಲಿ ಹಿಟ್ಟಿನ ಲಾರಿಯ ಬಳಿ ಜನ ಸತ್ತ ಸುದ್ದಿಯನ್ನು 2024ರಲ್ಲಿ ಓದಿದವರಿಗೆ ಇದು ಬರೀ ಹಳೆಯ ಕಥೆ ಎನ್ನಿಸಲಾರದು.

ಎರಡು ದಿನದಲ್ಲಿ ಜರ್ಮನ್ನರು ಬಂದಿಳಿದರು. ಐದು ವರ್ಷದ ಆಕ್ರಮಣ. ಇಂಗ್ಲೆಂಡಿನ ಮಾರುಕಟ್ಟೆ ಮುಚ್ಚಿತು, ಕಲ್ಲಿದ್ದಲು ನಿಂತಿತು. ಟೊಮೆಟೊ ಇದ್ದ ಜಾಗದಲ್ಲಿ ಆಲೂಗಡ್ಡೆ, ಹುರುಳಿಕಾಯಿ ಬಂದವು. ಹಸಿವು ಎಷ್ಟಾಯಿತೆಂದರೆ, 1944ರ ಡಿಸೆಂಬರಿನಲ್ಲಿ ರೆಡ್‌ಕ್ರಾಸ್‌ನ ವೇಗಾ ಹಡಗು ಆಹಾರದ ಪೊಟ್ಟಣ ಹೊತ್ತು ಬಂದಾಗ ಜನ ಅತ್ತರು. ದ್ವೀಪದ ಆಡಳಿತ ಜರ್ಮನ್ನರ ಹುಕುಮಿನಂತೆ ಯಹೂದಿಗಳ ಪಟ್ಟಿ ಮಾಡಿತು. 1942ರಲ್ಲಿ ಮೂವರು ಯಹೂದಿ ಹೆಂಗಸರನ್ನು ಗರ್ನ್‌ಸಿಯಿಂದ ಫ್ರಾನ್ಸಿಗೆ ಸಾಗಿಸಲಾಯಿತು, ಅಲ್ಲಿಂದ ಆಶ್‌ವಿಟ್ಜ್‌ಗೆ. ಅವರಲ್ಲೊಬ್ಬಳು, ಮರಿಯಾನ್ನೆ ಗ್ರೂನ್‌ಫೆಲ್ಡ್, ದ್ವೀಪದ ಒಂದು ತೋಟದಲ್ಲಿ ದುಡಿಯುತ್ತಿದ್ದವಳು. ಮೂವರೂ ಹಿಂದಿರುಗಲಿಲ್ಲ. ಗುಮಾಸ್ತರು ನಿಯಮದಂತೆ ಬರೆದ ಪಟ್ಟಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಕ್ರೂರ ಉದಾಹರಣೆ ನನಗೆ ಗೊತ್ತಿಲ್ಲ.

1945ರ ಮೇ 9ರಂದು ದ್ವೀಪ ಬಿಡುಗಡೆಯಾಯಿತು. ಗಾಜಿನ ಮನೆಗಳು ಮತ್ತೆ ಬೆಚ್ಚಗಾದವು. ಇಷ್ಟು ಚಿಕ್ಕ ನೆಲದಲ್ಲಿ ಸುಮಾರು ಸಾವಿರ ಎಕರೆ ಗಾಜು! 'ಗರ್ನ್‌ಸಿ ಟಾಮ್' ಎಂಬ ಹೆಸರು ಬ್ರಿಟನ್ನಿನ ಮನೆಮಾತಾಯಿತು. ಸ್ಥಳೀಯರು ಸಾಲದೆ ಪೋರ್ಚುಗಲ್ಲಿನ ಮಡೇರಾ ದ್ವೀಪದಿಂದ ಕೂಲಿಗಳು ಬಂದರು. ಲಂಡನ್ನಿನ ಪಕ್ಕದ ಲೀ ಕಣಿವೆಯ ಗಾಜಿನ ಮನೆಗಳಿಗೆ ಸಿಸಿಲಿಯ ಬಡವರು ಬಂದು, ಕ್ರಮೇಣ ತಾವೇ ಒಡೆಯರಾದರು. ಬಿಸಿಲಿನ ಗಿಡಕ್ಕೆ ಬಿಸಿಲಿನ ನಾಡಿನವರೇ ಕೈಯಾಸರೆ.

ಇಳಿಮುಖ ಬಹುಬೇಗ ಬಂತು. 1959ರಲ್ಲಿ ಹಾಲೆಂಡಿನಲ್ಲಿ ನೈಸರ್ಗಿಕ ಅನಿಲದ ದೊಡ್ಡ ನಿಕ್ಷೇಪ ಸಿಕ್ಕಿತು. ಅಲ್ಲಿನ ಬೆಳೆಗಾರರಿಗೆ ಅಗ್ಗದ ಉರುವಲು. ಗರ್ನ್‌ಸಿಯವರು ಎಣ್ಣೆ ಉರಿಸುತ್ತಿದ್ದರು. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟ ಸೇರಿ ಡಚ್ ಟೊಮೆಟೊಗೆ ಬಾಗಿಲು ತೆರೆಯಿತು. ಅದೇ ವರ್ಷ ಅರಬ್-ಇಸ್ರೇಲ್ ಯುದ್ಧ, ತೈಲ ನಿರ್ಬಂಧ, ಎಣ್ಣೆಯ ಬೆಲೆ ನಾಲ್ಕು ಪಟ್ಟು. ಸಿನಾಯಿ ಮರುಭೂಮಿಯ ಯುದ್ಧ ಇಂಗ್ಲಿಷ್ ಕಡಲಿನ ದ್ವೀಪದ ಒಲೆಯನ್ನು ಆರಿಸಿತು. ಒಂದು ತಲೆಮಾರಿನೊಳಗೆ ಟೊಮೆಟೊ ಉದ್ಯಮ ಮುಗಿದೇಹೋಯಿತು. ಗೆದ್ದ ಡಚ್ಚರ ಹಣ್ಣನ್ನೂ ಜರ್ಮನ್ನರು 1990ರ ದಶಕದಲ್ಲಿ 'ನೀರಿನ ಬಾಂಬು' ಎಂದು ಗೇಲಿ ಮಾಡಿದರು, ಅಷ್ಟು ಸಪ್ಪೆ.

ಚಳಿನಾಡಿನ ಚಳಿಗಾಲದ ಟೊಮೆಟೊ ಕ್ರಮೇಣ ಇನ್ನೂ ದಕ್ಷಿಣಕ್ಕೆ ಸರಿಯಿತು. ಸ್ಪೇನಿನ ಅಲ್ಮೇರಿಯಾದ ಪ್ಲಾಸ್ಟಿಕ್ ಹೊದಿಕೆಗಳ ಕೆಳಗೆ, ಮೊರೊಕ್ಕೋದ ತೋಟಗಳಿಗೆ. ಅಲ್ಮೇರಿಯಾ ಒಂದು ಕಾಲಕ್ಕೆ ಅಂದಲೂಸಿನ ಅರಬರು ಕಟ್ಟಿದ ಬಂದರು. ಅಲ್ಲಿಗೆ ಕೂಲಿಗೆ ಬಂದವರಲ್ಲಿ ಹೆಚ್ಚಿನವರು ಮೊರೊಕ್ಕೋದವರು. 2000ದ ಫೆಬ್ರವರಿಯಲ್ಲಿ ಎಲ್ ಎಹಿದೊ ಪಟ್ಟಣದಲ್ಲಿ ಒಬ್ಬ ಮೊರೊಕ್ಕನ್ ಯುವಕ ಸ್ಪ್ಯಾನಿಷ್ ಯುವತಿಯನ್ನು ಕೊಂದಾಗ, ಜನರ ಗುಂಪು ಆ ಕೂಲಿಗಳ ಮನೆ, ಅಂಗಡಿ, ಮಸೀದಿಗಳ ಮೇಲೆ ದಿನಗಟ್ಟಲೆ ದಾಳಿ ಮಾಡಿತು. ಕೂಲಿಗಳು ಕೆಲಸಕ್ಕೆ ಹೋಗದೆ ಮುಷ್ಕರ ಹೂಡಿದರು. ಹಣ್ಣು ಗಿಡದಲ್ಲೇ ಉಳಿಯುತ್ತದೆ ಎಂದಾಗ ಮಾತ್ರ ಮಾತುಕತೆಗೆ ಕರೆ ಬಂತು.

2023ರ ಫೆಬ್ರವರಿಯಲ್ಲಿ ಸ್ಪೇನ್, ಮೊರೊಕ್ಕೋಗಳಲ್ಲಿ ಹವೆ ಕೆಟ್ಟಿತು. ಬ್ರಿಟನ್ನಿನ ದೊಡ್ಡ ಅಂಗಡಿಗಳಲ್ಲಿ ಟೊಮೆಟೊ ತಟ್ಟೆಗಳು ಖಾಲಿಯಾಗಿ, ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದರು. ಸ್ವದೇಶದ ಗಾಜಿನ ಮನೆಗಳಲ್ಲಿ ಎಷ್ಟೋ ಕಡೆ ಆ ಚಳಿಗಾಲ ಸಸಿಯನ್ನೇ ನೆಟ್ಟಿರಲಿಲ್ಲ. ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಹಾಗೆ ಏರಿತ್ತು. ಮಂತ್ರಿಯೊಬ್ಬರು ಸಂಸತ್ತಿನಲ್ಲಿ ನಮ್ಮ ನೆಲದ ಟರ್ನಿಪ್ ಗೆಡ್ಡೆಯನ್ನು ನೆನಪಿಸಿ ನಗೆಪಾಟಲಿಗೀಡಾದರು. ನನಗೇನೋ ಅವರ ಮಾತಿನಲ್ಲಿ ಅಷ್ಟು ನಗುವಂಥದ್ದೇನೂ ಕಾಣಲಿಲ್ಲ.

ಗರ್ನ್‌ಸಿಯಲ್ಲಿ ಈಗ ಬ್ಯಾಂಕು, ವಿಮೆ, ಹಣಕಾಸಿನ ಕಂಪನಿಗಳದೇ ಕಾರುಬಾರು. ಹಳೆಯ ವೈನರಿಗಳಲ್ಲಿ ಕೆಲವು ಹೂವಿನ ತೋಟವಾಗಿವೆ. ಉಳಿದವುಗಳಲ್ಲಿ ಒಡೆದ ಗಾಜಿನ ನಡುವೆ ಮುಳ್ಳುಪೊದೆ ಬೆಳೆದಿದೆ. ಆದರೂ ಬೇಸಿಗೆಯಲ್ಲಿ ಊರಿನ ಕಿರುದಾರಿಗಳ ಪಕ್ಕ, ಬೇಲಿಗೆ ಒತ್ತಿಕೊಂಡು ಮರದ ಪೆಟ್ಟಿಗೆಗಳು ಕಾಣುತ್ತವೆ. ಮನೆಯ ಹಿತ್ತಲಲ್ಲಿ ಬೆಳೆದ ಟೊಮೆಟೊವನ್ನು ಪೊಟ್ಟಣ ಕಟ್ಟಿ ಅದರಲ್ಲಿಟ್ಟು, ಬೆಲೆ ಬರೆದು, ಪಕ್ಕದಲ್ಲೊಂದು ಡಬ್ಬಿ ಇಟ್ಟಿರುತ್ತಾರೆ. ಕಾಯುವವರು ಯಾರೂ ಇರುವುದಿಲ್ಲ. ದಾರಿಹೋಕರು ಡಬ್ಬಿಗೆ ನಾಣ್ಯ ಹಾಕಿ ಹಣ್ಣು ಎತ್ತಿಕೊಂಡು ಹೋಗುತ್ತಾರೆ.